ಹಗೇವಿನ ಹಾಡು

ನಮ್ಮತ್ತೆ ಚಿಕ್ಕಮಾದಮ್ಮ ಸರಗೂರಿನಿಂದ ಹನಗೋಡಿಗೆ ಮದುವೆಯಾಗಿ ಬಂದಾಗ ತಂದದ್ದು ಎರಡು ಸೀರೆ, ಬಾಯಿ ತುಂಬ ಹಾಡು. ಆ ಬಾಯಿಗೆ ಹೆದರದವರು ಊರಲ್ಲಿ ಕಡಿಮೆ. ಸೊಸೆಯಾದ ನಾನಂತೂ ಹೆದರಿಕೊಂಡೇ ಬಾಳಿದೆ. ಆದರೆ ನಾಟಿ ಗದ್ದೆಯಲ್ಲಿ ಅದೇ ಬಾಯಿ ಒಂದು ಸೊಲ್ಲು ಎತ್ತಿಕೊಟ್ಟರೆ, ಸಾಲಿನಲ್ಲಿ ಬಾಗಿ ಪೈರು ನೆಡುವ ನಾವೆಲ್ಲ ಅದನ್ನು ತಿರುಗಿ ಹಾಡುತ್ತಿದ್ದೆವು. ಸೊಂಟದ ನೋವೇ ಮರೆತುಹೋಗುತ್ತಿತ್ತು. ಎಂಥ ಕಾಲ ಅದು! ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಯುದ್ಧದ ವರ್ಷ ಸರ್ಕಾರಕ್ಕೆ ಕಡ್ಡಾಯವಾಗಿ ದವಸ ಅಳೆಯಬೇಕಾದ ಲೆವಿ ಬಂತು. ಹೋಬಳಿಯ ಕಂದಾಯ ನೋಡುವ ಶೇಕ್ದಾರರು ಮನೆಮನೆಯ ಹಗೇವು ಅಗೆಸಿ, ನೆಲದಡಿ ಮಡಗಿದ್ದ ರಾಗಿಯನ್ನೆಲ್ಲ ಅಳೆದುಕೊಂಡು ಹೋದರು. ಬಿತ್ತನೆಗೆ ಇಟ್ಟದ್ದನ್ನೂ ಬಿಡಲಿಲ್ಲ. ಅತ್ತೆ ಅದನ್ನೇ ಹಾಡು ಕಟ್ಟಿದಳು, ಶೇಕ್ದಾರರ ಹೆಸರು ಸೇರಿಸಿಯೇ. ಹಾಡು ಗಾವಡಗೆರೆಯ ಹೊಲಗದ್ದೆಗಳನ್ನೂ ಮುಟ್ಟಿತು. ಶೇಕ್ದಾರರು ದೂರು ಕೊಟ್ಟರು, ಅವರ ಮೇಲಿನ ತಾಲ್ಲೂಕಿನ ಅಮಲ್ದಾರರೇ ವಿಚಾರಣೆಗೆ ಬಂದರು. ಅವ್ವನನ್ನು ಜೈಲಿಗೆ ಹಾಕುತ್ತಾರೆಂದು ನನ್ನ ಗಂಡ ಊಟ ಬಿಟ್ಟ.

ಚಾವಡಿಯಲ್ಲಿ ಅಮಲ್ದಾರರು, "ಎಲ್ಲಿ, ಹಾಡಮ್ಮ, ಕೇಳೋಣ" ಎಂದರು.

"ಒಬ್ಳೇ ಹಾಡಕ್ಕಾಗಕಿಲ್ಲ ಬುದ್ಧಿ. ತಿರುಗಿ ಹಾಡೋರು ಬೇಕು ಕಣ್ರೀ."

ಸರಿ, ನಮ್ಮನ್ನೆಲ್ಲ ಗದ್ದೆಯಿಂದ ಕೆಸರುಗಾಲಲ್ಲೇ ಕರೆಸಿದರು. ಹಾಡಿದೆವು. ತಳವಾರನೂ ತಲೆದೂಗಿದ. ಶೇಕ್ದಾರರ ಮುಖ ಮಾತ್ರ ಕೆಂಪೇರಿತು.

"ಇದ್ರಲ್ಲಿ ಸುಳ್ಳು ಯಾವ್ದು ಹೇಳಿ ಬುದ್ಧಿ, ಅದೊಂದ ಬುಟ್ಬುಡ್ತೀನಿ" ಎಂದಳು ಅತ್ತೆ.

ಅಮಲ್ದಾರರು ಶೇಕ್ದಾರರ ಕಡೆ ನೋಡಿದರು. ಶೇಕ್ದಾರರು ನೆಲ ನೋಡಿದರು.

"ನಿಜವೇ ಇರಲಿ. ಯುದ್ಧ ಮುಗಿಯೋ ತನಕ ಈ ಹಾಡನ್ನ ನೀನು ಎತ್ತಿಕೊಡಕೂಡದು. ಎತ್ತಿದರೆ ಜೈಲು" ಎಂದರು ಅಮಲ್ದಾರರು.

ತಾನು ಎತ್ತಿಕೊಡುವುದಿಲ್ಲವೆಂದು ಅತ್ತೆ ಒಪ್ಪಿ ಮಾತು ಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ನಿಜವೆಂದು ಗೊತ್ತಿದ್ದೂ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಮರುದಿನ ಗದ್ದೆಯಲ್ಲಿ ಕೆಸರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅತ್ತೆ ಯಾರ ಮುಖವನ್ನೂ ನೋಡದೆ ನೆಡುತ್ತಿದ್ದಳು. ಅವಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ. ಅವಳೆದುರು ಗಟ್ಟಿಯಾಗಿ ಮಾತೂ ಆಡದ ನಾನು ಹಗೇವಿನ ಹಾಡು ಎತ್ತಿದೆ. ದನಿ ನಡುಗಿತು, ರಾಗ ಎತ್ತೆತ್ತಲೋ ಹೋಯಿತು. ಹೆಂಗಸರು ಹೆದರಿ, ತಿರುಗಿ ಹಾಡದೆ ಊರ ಕಡೆ ನೋಡಿದರು.

"ಥೂ, ಗಟ್ಯಾಗಿ ಎತ್ತಮ್ಮಿ!" ಎಂದು ಗದರಿದಳು ಅತ್ತೆ.

ಮತ್ತೆ ಎತ್ತಿದೆ. ನಾನು ಎತ್ತಿಕೊಟ್ಟ ಸೊಲ್ಲನ್ನು ಎಲ್ಲರಿಗಿಂತ ಮೊದಲು ನಮ್ಮತ್ತೆ ತಿರುಗಿ ಹಾಡಿದಳು.