‘ಬೈ’ ಅಲ್ಲ, ‘ಆಫ್’

ಮೊಮ್ಮಗಳು ಕೆಂಪು ಪೆನ್ಸಿಲ್ ಕೆತ್ತುತ್ತಿದ್ದಳು. ಆ ವಾಸನೆಗೆ ದಾಂಡೇಲಿಯ ಎಂಟನೆಯ ಇಯತ್ತೆ ನೆನಪಾಯಿತು.

ಚಳಿಜ್ವರದಿಂದ ಅವ್ವ ತೀರಿಕೊಂಡಿದ್ದಳು. ಮಿಲ್ಲಿಗೆ ಹೋಗುತ್ತಿದ್ದ ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ರಜೆಯ ಅರ್ಜಿ ನಾನೇ ಬರೆದೆ: ‘ಮೈ ಮದರ್ ಡೈಡ್ ಬೈ ಫೀವರ್.’

ಶಾಲೆಯಲ್ಲಿ ಕೊಟ್ಟಾಗ ಇಂಗ್ಲಿಷ್ ಮಾಸ್ತರರು ಅದನ್ನು ಅರ್ಜಿ ಬರೆಯುವ ಅಭ್ಯಾಸವೆಂದು ತಿಳಿದರು. ಕೆಂಪು ಪೆನ್ಸಿಲ್ಲಿನಿಂದ ‘ಬೈ’ ಹೊಡೆದುಹಾಕಿ ‘ಆಫ್’ ಎಂದು ಬರೆದರು.

“ಜ್ವರದಿಂದ ಸತ್ತರ ‘ಆಫ್’ ಅಂತ ಎಷ್ಟ ಸಲ ಹೇಳೇನಿ? ಹತ್ತ ಸಲ ಬರಿ.”

ಬರೆದೆ. ಆರನೆಯ ಸಾಲಿಗೆ ಕಣ್ಣೀರು ಹಾಳೆಯ ಮೇಲೆ ಬಿತ್ತು. ಮಾಸ್ತರರು ಅರ್ಜಿಯನ್ನು ಎತ್ತಿ ಮತ್ತೆ ಓದಿದರು.

“ಯಾವಾಗ ಆತವ್ವಾ ಇದು?”

“ನಿನ್ನೆ ಮುಂಜಾನೆರೀ ಸರ್.”

ಅವರು ಮನೆಯವರೆಗೂ ನನ್ನ ಜೊತೆ ನಡೆದು ಬಂದರು.

ಮೊನ್ನೆ ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಒಂದೂ ತಪ್ಪಾಗಲಿಲ್ಲ.