ಗೌಂಡಿ ಸೂಗಪ್ಪನ ಹಸಿ ಸಿಮೆಂಟು

ಕೃಷ್ಣೆಯ ನೀರನ್ನು ಶಹಾಪುರದ ಹೊಲಗಳು ಇನ್ನೂ ಕಾಣದಿದ್ದ ದಿನಗಳವು. ಕಾಲುವೆಯ ಮೈಗೆ ಕಾಂಕ್ರೀಟು ಹಾಸುತ್ತಿದ್ದ ಗೌಂಡಿಗಳಲ್ಲಿ ಸೂಗಪ್ಪನ ಮಾತನ್ನು ಎಂಜಿನಿಯರರೂ ಮೀರುತ್ತಿರಲಿಲ್ಲ. ಹಾಸಿದ ಮೈಗೆ ಒದ್ದೆಯ ಗೋಣಿತಾಟು ಹೊದಿಸಿ, ಏಳು ದಿನ ನೀರುಣಿಸಿ, ಎಂಟನೆಯ ದಿನ ಕರಣೆಯ ಹಿಡಿಯಿಂದ ತಟ್ಟಿ, ಆ ನಾದಕ್ಕೆ ಕಿವಿಗೊಟ್ಟು, "ಗಟ್ಟಿ ಆಗೇದ" ಎಂದು ಅವನು ನುಡಿದ ಮೇಲೆಯೇ ಅಲ್ಲಿ ಯಾರಾದರೂ ಕಾಲಿಡಬೇಕು. ಒಮ್ಮೆ ಬೂಟುಗಾಲಿನಲ್ಲಿ ಇಳಿಯಬಂದ ಸಾಹೇಬರನ್ನೇ ತಡೆದಿದ್ದನು: "ಹಸಿ ಐತ್ರಿ ಸಾಹೇಬ್ರ, ಮ್ಯಾಲೇ ನಿಂದರ್ರಿ!" ಪ್ರತಿ ಮುಂಜಾವು ಕಾಲುವೆಯ ಏರಿಯ ಮೇಲೆ ವಿಭೂತಿ ಧರಿಸಿ, ನೆಟ್ಟಗೆ ಕುಳಿತು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜಿಸುತ್ತಿದ್ದ ಅವನ ನಿಲುವು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಅರವತ್ತೆಂಟನೆಯ ವಯಸ್ಸಿನಲ್ಲಿ ಆ ಬೆನ್ನು ಕುಸಿಯಿತು. ಮೂತ್ರಪಿಂಡದ ಕ್ಯಾನ್ಸರ್ ಬೆನ್ನೆಲುಬಿಗೆ ಹರಡಿ, ಒಂದು ಮಣಿ ಒಳಗೊಳಗೇ ಸವೆದು ಮುರಿದಿತ್ತು. ಕುಳಿತರೆ ಉಸಿರು ಕಟ್ಟುವಷ್ಟು ನೋವು. ಮೂರು ವಾರ ಮಲಗಿದಲ್ಲೇ ಪೂಜೆ ನಡೆಯಿತು. ನಡುಗುವ ಅಂಗೈಯನ್ನು ಹೆಂಡತಿ ಕಲ್ಯಾಣಮ್ಮ ಕೆಳಗಿನಿಂದ ಹಿಡಿದಿರುತ್ತಿದ್ದಳು. "ಇರೂತನಕ ಕುಂತು ಪೂಜಿ ಮಾಡೂವಂಗಾದ್ರ ಸಾಕು" ಎಂಬುದೊಂದೇ ಅವನ ಬೇಡಿಕೆ.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರ್ ಆಮೀನಾ ಇದ್ದರು; ಸುರಪುರದವರು. ಯಾವುದನ್ನೂ ಮುಚ್ಚಿಡದೆ ಹೇಳಿದರು: "ಕಾಕಾ, ಇದರಿಂದ ರೋಗ ಹೋಗಂಗಿಲ್ಲ, ಅದರ ಔಷಧ ಬ್ಯಾರೆ. ಆದ್ರ ಬೆನ್ನು ಕೊಯ್ಯದ, ಸೂಜಿಲೇ ಮುರಿದ ಎಲುಬಿನ್ಯಾಗ ಸಿಮೆಂಟ್ ತುಂಬತೀನಿ. ನೋವು ಇಳದ್ರ ಕುಂದ್ರಬಹುದು."

ಸೂಗಪ್ಪ ನೋವಿನಲ್ಲೂ ನಕ್ಕನು. "ಮರಳು ಚಂದಂಗ ಸೋಸಿರವ್ವ!"

ಬೋರಲು ಮಲಗಿಸಿ, ಆ ಭಾಗವನ್ನಷ್ಟೇ ಮರಗಟ್ಟಿಸಿ, ಎಕ್ಸ್‌ರೇ ಪರದೆಯಲ್ಲಿ ದಾರಿ ನೋಡುತ್ತ ಸೂಜಿಯಿಳಿಸಿದರು. ಒಂದು ತಾಸಿನೊಳಗೆ ಕೆಲಸ ಮುಗಿಯಿತು. ಎರಡು ತಾಸು ಅಂಗಾತ ಮಲಗಿದ ಬಳಿಕ ಆಮೀನಾ ಎದ್ದು ಕೂಡಲು ಹೇಳಿದರೆ, ಅವನು ಮಿಸುಕಲೇ ಇಲ್ಲ.

"ಏಳು ದಿನ ಆಗ್ಲವ್ವ, ಇನ್ನ ಹಸಿ ಐತಿ" ಎಂದು ಮಲಗಿದಂತೆಯೇ ಮತ್ತೆ ನೀರು ಕೇಳಿದನು.

"ನೀವೇನು ಕಾಲುವಿ ಏನ್ರಿ? ಆಗ್ಲಿಂದ ಬರೇ ನೀರು ಕುಡ್ಯಾಕತ್ತೀರಿ. ಗೋಣಿತಾಟು ತಂದು ಹೊಚ್ಚಲೇನು?" ಎಂದಳು ಕಲ್ಯಾಣಮ್ಮ.

"ನೀ ಸುಮ್ನಿರು. ಸಿಮೆಂಟಿನ ಮಾತು ನನಗ ಹೇಳಬ್ಯಾಡ."

ಆಮೀನಾ ನಗದೆ ಒಳಗೆ ಹೋದರು. ಗಟ್ಟಿಯಾಗುವ ಹೊತ್ತನ್ನು ಅರಿಯಲೆಂದು, ಕಲಸಿದ್ದರಲ್ಲಿ ಉಳಿದ ಸಿಮೆಂಟನ್ನು ಬಟ್ಟಲಿನಲ್ಲಿ ತೆಗೆದಿರಿಸಿದ್ದರು. ಆ ಬಿಳಿಯ ಉಂಡೆಯನ್ನು ತಂದು ಅವನ ಕೈಗಿತ್ತರು. "ನಿಮ್ಮ ಬೆನ್ನಾಗ ಇರೂದು ಇದ ನೋಡ್ರಿ ಕಾಕಾ."

ಸೂಗಪ್ಪ ಉಗುರಿನಿಂದ ಗೀರಿದನು, ಗೆರೆ ಮೂಡಲಿಲ್ಲ. ಮಂಚದ ಕಬ್ಬಿಣಕ್ಕೆ ತಟ್ಟಿ ಕಿವಿಗೊಟ್ಟನು. ಮತ್ತೊಮ್ಮೆ ತಟ್ಟಿ ಕೇಳಿದನು: "ಕಲಸಿ ಎಷ್ಟೊತ್ತಾತು?"

"ಮೂರು ತಾಸು."

"ಅಬ್ಬಾ! ಇದು ಆಗ ಸಿಕ್ಕಿದ್ರ, ಆ ಸಾಹೇಬ್ರನ್ನ ಅವತ್ತ ಇಳಿಯಾಕ ಬಿಡತಿದ್ನಿ" ಎಂದು, ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು ಕುಳಿತನು. ನೋವು ತುಸುವೇ ಉಳಿದಿತ್ತು.

ಆಮೇಲೆ ಅವನು ಬದುಕಿದ್ದು ಏಳು ತಿಂಗಳು. ಆದರೆ ಮರುದಿನದ ಆ ಮುಂಜಾವನ್ನು ಕಲ್ಯಾಣಮ್ಮ ಈಗಲೂ ನೆನೆಯುತ್ತಾಳೆ. ಅವನು ವಿಭೂತಿ ಧರಿಸಿ, ಮಂಚದ ಮೇಲೆ ನೆಟ್ಟಗೆ ಕುಳಿತು, ಅಂಗೈಗೆ ಲಿಂಗವನ್ನು ತಂದುಕೊಂಡಾಗ, ಮೂರು ವಾರದ ರೂಢಿಯಂತೆ ಅವಳು ಕೆಳಗೆ ಕೈಯೊಡ್ಡಿದಳು.

"ಕೈ ತಗಿ" ಎಂದನು ಸೂಗಪ್ಪ. "ಗಟ್ಟಿ ಆಗೇದ."