ಶನಿವಾರದ ಉಬ್ಬಸ

ಮದುವೆಯಾಗಿ ಸಿಂಧನೂರಿಗೆ ಬಂದ ಮರುವರ್ಷವೇ ನಾನು ಹತ್ತಿ ಗಿರಣಿಯ ಕೂಲಿಗೆ ಸೇರಿದೆ. ನಿಜಾಮರ ಆಳ್ವಿಕೆಯ ಕಾಲ. ಹೊಲದಿಂದ ಬಂದ ಹತ್ತಿಯನ್ನು ಮಶೀನಿಗೆ ಉಣಿಸುವುದು ನನ್ನ ಕೆಲಸ. ಬೀಜ ಕೆಳಗೆ ಬೀಳುತ್ತಿತ್ತು, ಅರಳೆ ಮುಂದಕ್ಕೆ ಹೋಗುತ್ತಿತ್ತು. ಒಣ ಎಲೆಯ ಪುಡಿ, ನಾರು, ಮಣ್ಣು ಮಾತ್ರ ತಗಡಿನ ಸೂರಿನ ಕೆಳಗೇ ತೇಲುತ್ತಿದ್ದವು. ಸಂಜೆಗೆ ಹುಬ್ಬು, ರೆಪ್ಪೆ ಬೆಳ್ಳಗಾಗಿರುತ್ತಿದ್ದವು. ಮುಖ ತೊಳೆದರೆ ಮುಗಿಯಿತು ಎಂದುಕೊಂಡಿದ್ದೆ.

ಆಗ ವಾರದ ರಜೆ ಶುಕ್ರವಾರ. ಮರುದಿನ ಕೆಲಸಕ್ಕೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಎದೆಗೆ ಹಗ್ಗ ಬಿಗಿದಂತಾಗುತ್ತಿತ್ತು. ಭಾನುವಾರ ತುಸು ಸಡಿಲ. ಓಣಿಯವರು ಶನಿಕಾಟ ಅಂದರು. ಅತ್ತೆ ಹನುಮಪ್ಪನಿಗೆ ಎಣ್ಣೆ ಕೊಟ್ಟು ಬಂದಳು. ಆದರೆ ಮುಂದಿನ ಸುಗ್ಗಿಗೆ ವಾರವೆಲ್ಲ ಕೆಮ್ಮು. ಬಾವಿಯಿಂದ ಮನೆ ಮುಟ್ಟುವುದರೊಳಗೆ ಕೊಡ ಇಳಿಸಿ ಇಳಿಸಿ ನಿಲ್ಲುತ್ತಿದ್ದೆ.

ಅತ್ತೆ ಆಡು ಕಾಯುವವಳು. ಬೆಳಗಾದರೆ ಅಡವಿ, ಸಂಜೆಗೆ ಮನೆ. ನನ್ನೊಡನೆ ಮಾತು ಕಡಿಮೆ. ಒಂದು ಸಂಜೆ ನಾನು ಹಾದಿಯಲ್ಲಿ ಕುಳಿತು ಏದುಸಿರು ಬಿಡುವುದನ್ನು ಕಂಡು ಕೊಡ ತನ್ನ ತಲೆಗೇರಿಸಿಕೊಂಡಳು.

“ನಾಳಿ ಲಿಂಗಸುಗೂರಿಗೆ ಹೋಗೂಣು, ದವಾಖಾನಿಗೆ,” ಅಂದಳು.

ನನ್ನ ಗಂಡ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಅದರಲ್ಲೇ ಹೋದೆವು. ಡಾಕ್ಟರು ನನ್ನ ಬೆನ್ನಿಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು.

“ಔಷಧ ಕೊಡ್ತೀನಿ. ಆದ್ರ ಹತ್ತಿ ಧೂಳಿನಾಗ ಕುಂತ್ರ ಔಷಧ ಏನೂ ಮಾಡಂಗಿಲ್ಲ. ಈಗ ಬಿಟ್ರ ಪುಪ್ಪಸ ಸುಧಾರಿಸ್ತಾವ. ತಡ ಆದ್ರ ಹೋದ ದಮ್ಮು ತಿರುಗಿ ಬರಂಗಿಲ್ಲ.”

ಬರುವಾಗ ಮಸ್ಕಿಯ ಬಳಿ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನನ್ನ ಕೂಲಿ ನಿಂತರೆ ಮನೆ ನಡೆಯುವುದು ಹೇಗೆ?

ಅತ್ತೆ ಅಂದಳು: “ನಾಳಿಂದ ಆಡು ನೀ ಹೊಡ್ಕೊಂಡು ಹೋಗು. ಮನಿ ನಾ ನೋಡ್ಕೋತೀನಿ, ನಿನಗ ಒಲಿ ಹೊಗಿ ಬ್ಯಾಡ, ಬಯಲಿನ ಗಾಳಿ ಬೇಕು. ಗಿರಣಿ ಕಡಿ ಯಾರೂ ಹೋಗೂದು ಬ್ಯಾಡ.”

“ನಿಮಗ ಮನ್ಯಾಗ ಕುಂತು ರೂಢಿ ಇಲ್ಲಲ್ರೀ ಅತ್ತಿ?”

“ಆಕ್ಕತಿ ಬಿಡು. ಒಂದು ಹೊತ್ತು ಕಡಿಮಿ ಉಣ್ಣೂಣು. ದಮ್ಮು ಎಲ್ಲಿಂದ ತರೂದು?”

ಅದರ ಬೆಲೆ ನನಗೆ ಗೊತ್ತಿತ್ತು. ಅತ್ತೆ ಸಣ್ಣವಳಿದ್ದಾಗಿನಿಂದ ಬಯಲಲ್ಲೇ ಬೆಳೆದವಳು. ಒಲೆಯ ಮುಂದೆ ಕುಳಿತರೆ ಚಡಪಡಿಸುತ್ತಿದ್ದಳು. “ಸೊಸಿ ಬಯಲಾಗ, ಅತ್ತಿ ಒಲಿ ಮುಂದ!” ಎಂದು ನೆರೆಯವರು ನಕ್ಕರು. ಆಕೆ ಬಡಿದ ರೊಟ್ಟಿ ಒಂದು ಕಡೆ ಸೀದಿರುತ್ತಿತ್ತು, ಒಂದು ಕಡೆ ಹಸಿ. ಗುಡ್ಡ ಸುತ್ತಿ ಬಂದ ಹಸಿವೆಯಲ್ಲಿ ನನಗೆ ಅದೇ ರುಚಿ.

ಕೆಮ್ಮು ಹೋಗಲು ಒಂದು ಮಳೆಗಾಲವೇ ಬೇಕಾಯಿತು. ಆಮೇಲೆ ಓಡಿದ ಆಡಿನ ಹಿಂದೆ ನಾನೂ ಓಡತೊಡಗಿದೆ. ಗಿರಣಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಿಧವೆಗೆ ಬಿಡುವ ದಾರಿ ಇರಲಿಲ್ಲ. ಕೆಲವು ವರ್ಷಕ್ಕೆ, ಗಿರಣಿ ಮುಚ್ಚಿರುವ ಮಳೆಗಾಲದಲ್ಲೂ ಆಕೆ ಉಸಿರು ಸಾಲದೆ ಗೋಡೆಗೆ ಒರಗಿಯೇ ಮಲಗುತ್ತಿದ್ದಳು. ಅತ್ತೆ ದಿನಾ ಆಕೆಗೆ ಹಾಲು ಮುಟ್ಟಿಸುತ್ತಿದ್ದಳು.

ನನಗೆ ಮಗಳು ಹುಟ್ಟಿದಾಗ ಹೆರಿಗೆ ಕಷ್ಟದ್ದಾಯಿತು. ಆ ಹಳೆಯ ಎದೆಯಾಗಿದ್ದರೆ ನಾನು ಉಳಿಯುತ್ತಿರಲಿಲ್ಲ. ಬಾಣಂತಿ ಮಂಚದಲ್ಲಿ ಅತ್ತೆಯ ಕೈ ಹಿಡಿದು, “ನೀವು ನನ್ನ ಉಳಿಸಿದ್ರಿ ಅತ್ತಿ,” ಅಂದೆ.

“ನಾ ಏನ್ ಮಾಡೀನಿ ಬೇ, ಆಡು ಕಾಯಾಕ ಕಳಿಸೀನಿ,” ಎಂದು ಆಕೆ ಕೂಸನ್ನು ಎತ್ತಿಕೊಂಡು ಎಳೆಬಿಸಿಲಿಗೆ ನಡೆದಳು.